ಬೋರ್ ನೀರಿನ ಸೊಪ್ಪು

"ಬೋರ್ ನೀರಿನ ಸೊಪ್ಪಮ್ಮಾ... ಬೋರ್ ನೀರಿನ ದಂಟು, ಕೀರೆ, ಸಬ್ಸಿಗೇ..."

ರಾಜೀವನಗರದ ಆ ಬೀದಿಯಲ್ಲಿ ಬೆಳಗಾಯಿತು ಅಂದರೆ ಸಾಕಮ್ಮನ ಕೂಗು ಕೇಳಿತು ಅಂತ ಅರ್ಥ. ಕೂಗಿನಲ್ಲಿ ಸೊಪ್ಪಿಗಿಂತ ಮೊದಲು ಬೋರು ಬರಬೇಕು. ಕೆಸರೆ ಕಡೆಯಿಂದ ಬುಟ್ಟಿ ಹೊತ್ತು ಬರುವ ಹೆಂಗಸರೆಲ್ಲ ಹಾಗೇ ಕೂಗುತ್ತಿದ್ದರು. ಕೊಳ್ಳುವವರೂ ಅಷ್ಟೇ, ಬಾಗಿಲು ತೆಗೆದ ಕೂಡಲೇ "ಬೋರ್ ನೀರಿಂದು ತಾನೆ?" ಎನ್ನುವರು. "ದೇವ್ರಾಣೆ ಕಣ್ರವ್ವಾ" ಎಂದು ಸಾಕಮ್ಮ ಬುಟ್ಟಿ ಇಳಿಸುವಳು. ಮನೆಯ ಗೋಡೆಗೆ ಬುದ್ಧನ ಪಟವೊಂದನ್ನೇ ಹಾಕಿಕೊಂಡಿದ್ದವಳಿಗೆ ದೇವರಾಣೆ ಬಹಳ ಸಲೀಸಾಗಿ ಬರುತ್ತಿತ್ತು.

ಅವಳ ತುಂಡು ಜಮೀನಿನಲ್ಲಿ ಬೋರ್‌ವೆಲ್ ಎಂಬುದು ಯಾವ ಕಾಲಕ್ಕೂ ಇರಲಿಲ್ಲ. ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಹೊರಗೆ ಬಿಡುವ ಘಟಕದಿಂದ ಒಂದು ಕಾಲುವೆ ಹರಿದುಹೋಗುತ್ತಿತ್ತು. ಅದರ ಎರಡೂ ದಂಡೆಗೆ ಹತ್ತಾರು ಮನೆಯವರ ಸೊಪ್ಪಿನ ಮಡಿಗಳಿದ್ದವು. ಘಟಕ ಬರುವ ಮೊದಲು ಅದು ಬರೀ ಮೋರಿಯಾಗಿತ್ತು. ಆಮೇಲೆ ನೀರು ಎಷ್ಟೋ ತಿಳಿಯಾಯಿತು, ವಾಸನೆಯೂ ಹೋಯಿತು, ಆದರೆ ಮೋರಿ ಎಂಬ ಹೆಸರು ಹೋಗಲಿಲ್ಲ. ಮೋರಿ ನೀರಿನ ಸೊಪ್ಪು ಅಂದರೆ ಮೈಸೂರಿನಲ್ಲಿ ಯಾರು ತಗೊಳ್ಳುತ್ತಾರೆ? ಅದಕ್ಕೇ ಎಲ್ಲರದ್ದೂ ಬೋರು.

ಈ ಸುಳ್ಳು ಹೊರಗಿನವರಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿತ್ತು ಅಂದರೆ ಅದು ಗೌತಮಿಗೆ. ಸಾಕಮ್ಮ ಅವಳ ತಾಯಿಯ ಅಕ್ಕ. ತಾಯಿ ಪದ್ಮಾವತಿ ಸತ್ತ ಮೇಲೆ ಗೌತಮಿಯನ್ನು ಸಾಕಿದವಳು, ಸೊಪ್ಪು ಮಾರಿ ಎಂಜಿನಿಯರಿಂಗ್ ಓದಿಸಿದವಳು ಈ ದೊಡ್ಡವ್ವನೇ. ಗೌತಮಿ ಚಿಕ್ಕಂದಿನಲ್ಲಿ ಶಾಲೆಗೆ ಹೋಗುವ ಮುಂಚೆ ಡಾಲ್ಡಾ ಡಬ್ಬದಲ್ಲಿ ಅದೇ ಕಾಲುವೆಯ ನೀರು ಮೊಗೆದು ಮಡಿಗಳಿಗೆ ಚಿಮುಕಿಸಿದ್ದಳು. ಮನೆಗೆ ತಂದ ಸೊಪ್ಪನ್ನು ಉಪ್ಪು ಅರಿಸಿನ ಹಾಕಿದ ನೀರಿನಲ್ಲಿ ಮುಳುಗಿಸಿಟ್ಟು, ಮತ್ತೆ ಮತ್ತೆ ಜಾಲಿಸಿ, ಆಮೇಲೆ ಬಸ್ಸಾರಿಗೆ ಹಾಕುವುದು ಆ ಮನೆಯ ಕ್ರಮ. ಮದುವೆಯಾಗಿ ರಾಜೀವನಗರಕ್ಕೆ ಬಂದ ಮೇಲೂ ಗೌತಮಿ ಹಾಗೇ ತೊಳೆಯುತ್ತಿದ್ದಳು. ಯಾಕೆ ಇಷ್ಟು ತೊಳೀತೀಯ ಎಂದು ಗಂಡ ಪ್ರಸನ್ನ ಕೇಳಿದರೆ, ಮಣ್ಣಿರುತ್ತೆ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಗೌತಮಿಗೆ ಕೆಲಸ ಹೂಟಗಳ್ಳಿಯ ಒಂದು ಡೇಟಾ ಸೆಂಟರಿನಲ್ಲಿ. ಸುತ್ತಲಿನ ಜನ ಅದನ್ನು ಕಂಪ್ಯೂಟರ್ ಗೋಡೌನ್ ಎನ್ನುತ್ತಿದ್ದರು, ಅದೇನೂ ತಪ್ಪಲ್ಲ. ಯಾರದೋ ಫೋಟೋ, ಯಾರದೋ ಬ್ಯಾಂಕು, ಯಾರದೋ ಜಗಳ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸಾವಿರಾರು ಯಂತ್ರಗಳು ಹಗಲೂ ರಾತ್ರಿ ಬಿಸಿಯಾಗುತ್ತಿದ್ದವು. ಅವನ್ನು ತಣ್ಣಗಿಡಲು ಮಾಳಿಗೆಯ ಮೇಲಿನ ಕೂಲಿಂಗ್ ಟವರುಗಳಲ್ಲಿ ನೀರು ಸುರಿಯಬೇಕು. ಸುರಿದದ್ದರಲ್ಲಿ ಬಹುಪಾಲು ಆವಿಯಾಗಿ ಆಕಾಶಕ್ಕೆ ಹೋಗುತ್ತಿತ್ತು. ಆ ನೀರನ್ನು ಹೊಂದಿಸುವುದು ಗೌತಮಿಯ ಜವಾಬ್ದಾರಿ.

ಮೊದಲಿಗೆ ಅದು ಕುಡಿಯುವ ಕಾವೇರಿ ನೀರೇ ಆಗಿತ್ತು. ಹಿಂದಿನ ಬೇಸಿಗೆಯಲ್ಲಿ ನಲ್ಲಿಗಳು ದಿನ ಬಿಟ್ಟು ದಿನ ಬರತೊಡಗಿದಾಗ ಸುತ್ತಲಿನ ಬಡಾವಣೆಯ ಹೆಂಗಸರು ಖಾಲಿ ಕೊಡಗಳನ್ನು ತಂದು ಗೇಟಿನ ಮುಂದೆ ಸಾಲಾಗಿ ಇಟ್ಟು ಕೂತರು. ಗೌತಮಿ ಅವರ ನಡುವೆಯೇ ನಡೆದು ಒಳಗೆ ಹೋಗಬೇಕಾಯಿತು. ಒಬ್ಬಳು ಸೆರಗು ಸರಿಮಾಡಿಕೊಂಡು, "ಓಗವ್ವ, ಓಗು, ನಿನ್ ಕಂಪ್ಯೂಟ್ರಿಗೆ ಬಾಯಾರ್ಕೆ ಆಗಿರ್ತದೆ" ಎಂದಳು. ಆ ಮಾತು ಗೌತಮಿಗೆ ಚುಚ್ಚಿತು. ವಾರಗಟ್ಟಲೆ ಕೂತು ಯೋಚಿಸಿ ಅವಳೇ ಒಂದು ದಾರಿ ಹುಡುಕಿದಳು. ಕುಡಿಯುವ ನೀರು ಬೇಡವೇ ಬೇಡ. ಕೆಸರೆ ಕಡೆಯ ಘಟಕದಿಂದ ಸುಮ್ಮನೆ ಹರಿದುಹೋಗುವ ಶುದ್ಧೀಕರಿಸಿದ ನೀರನ್ನು ಪೈಪಿನಲ್ಲಿ ತರೋಣ, ಇಲ್ಲಿ ಇನ್ನೊಮ್ಮೆ ಸೋಸಿ ಟವರಿಗೆ ಬಿಡೋಣ.

ಮೇಲಿನ ಅಧಿಕಾರಿ ವಿಶ್ವನಾಥ್ ಕುರ್ಚಿಯಿಂದ ಎದ್ದೇ ಕೈ ಕುಲುಕಿದರು. ಪತ್ರಿಕೆಯಲ್ಲಿ ಗೌತಮಿಯ ಫೋಟೋ ಬಂತು. ಸಾಕಮ್ಮ ಆ ಪುಟವನ್ನು ಕತ್ತರಿಸಿ ಬುದ್ಧನ ಪಟದ ಪಕ್ಕ ಅಂಟಿಸಿದಳು. ಯಾವ ನೀರಿನ ಸುದ್ದಿ ಅದು ಎಂದು ಓದಲು ಅವಳಿಗೆ ಬರುತ್ತಿರಲಿಲ್ಲ. ಗೌತಮಿಯೂ ಓದಿ ಹೇಳಲಿಲ್ಲ.

ನೀರು ಕೊಡುವ ಇಲಾಖೆಯವರು ಒಂದೇ ಒಂದು ಷರತ್ತು ಹಾಕಿದ್ದರು. ಕಾಲುವೆಯ ಕೆಳಗೆ ಆ ನೀರನ್ನೇ ನಂಬಿದವರು ಯಾರೂ ಇಲ್ಲ ಎಂದು ಜನರನ್ನು ಸೇರಿಸಿ ಕೇಳಿ ಖಚಿತ ಮಾಡಿಕೊಳ್ಳಬೇಕು. ಕೆಸರೆಯ ಸಮುದಾಯ ಭವನದಲ್ಲಿ ಸಭೆ ಸೇರಿತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ದಂಡೆಯ ಸೊಪ್ಪಿನವರೆಲ್ಲ ಕೂತಿದ್ದರು. ಹಿಂದುಗಡೆ ಬಾಗಿಲಿಗೆ ಒರಗಿಕೊಂಡು ಕುಮಾರಸ್ವಾಮಿ ನಿಂತಿದ್ದ. ಹೋಟೆಲುಗಳಿಗೆ, ಹಾಸ್ಟೆಲುಗಳಿಗೆ ಇವರ ಸೊಪ್ಪನ್ನು ಟೆಂಪೋದಲ್ಲಿ ತುಂಬಿ ಕೊಂಡೊಯ್ಯುವವನು ಅವನೇ.

ಮೈಕು ಹಿಡಿದವಳು ಗೌತಮಿ. ಈ ನೀರನ್ನು ಪೈಪಿನಲ್ಲಿ ಕಂಪನಿಗೆ ಒಯ್ಯುತ್ತೇವೆ ಎಂದು ಹೇಳಿ, "ಈ ಕಾಲುವೆ ನೀರನ್ನ ಯಾರಾದ್ರೂ ಬೆಳೆಗೆ ಬಳಸ್ತಿದ್ದೀರಾ?" ಎಂದು ಕೇಳಿದಳು.

ಎಲ್ಲರ ಬೆನ್ನಿಗೂ ಕುಮಾರಸ್ವಾಮಿಯ ಕಣ್ಣಿತ್ತು. ಕಡೆಗೆ ಸಣ್ಣಮಾದಯ್ಯ ಎಂಬ ಹಿರಿಯ ಗಂಟಲು ಸರಿಮಾಡಿಕೊಂಡು, "ಇಲ್ಲ ಕಣವ್ವ, ನಮ್ದೆಲ್ಲಾ ಬೋರು" ಎಂದ. ಊಂ ಊಂ, ಬೋರೇ, ಎಂದು ನಾಲ್ಕಾರು ತಲೆಗಳು ಆಡಿದವು. ಮುಂದಿನ ಸಾಲಿನಲ್ಲಿ ಕೂತಿದ್ದ ಸಾಕಮ್ಮ ತಲೆ ಆಡಿಸಲಿಲ್ಲ. ಗೌತಮಿಯ ಮುಖವನ್ನೇ ನೋಡುತ್ತ ಕೂತಿದ್ದಳು. ಗೌತಮಿಯೂ ನೋಡಿದಳು, ನೋಡಿ ಕಣ್ಣು ತೆಗೆದಳು. ಅವರೇ ಇಲ್ಲ ಅಂದ ಮೇಲೆ ನಾನೇನು ಮಾಡಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಫೋಟೋ ಬಂದಾಗಿತ್ತು, ಪೈಪು ಬಂದು ಬಿದ್ದಿತ್ತು, ವಿಶ್ವನಾಥ್ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. "ಹಾಗಾದ್ರೆ ಯಾರೂ ಇಲ್ಲ" ಎಂದು ಮೈಕಿನಲ್ಲಿ ಹೇಳಿ ಕೂತುಬಿಟ್ಟಳು. ಎಲ್ಲರಿಗೂ ಟೀ ಬಂತು.

ಪೈಪಿನ ಕೆಲಸ ಮುಗಿದು ಹೂಟಗಳ್ಳಿಗೆ ನೀರು ಹತ್ತಿದ ದಿನ ಕಂಪನಿಯಲ್ಲಿ ಸಿಹಿ ಹಂಚಿದರು. ಮೊದಲು ಒಂದಷ್ಟು ದಿನ ಏನೂ ಗೊತ್ತಾಗಲಿಲ್ಲ, ಕಾಲುವೆಯ ತಗ್ಗುಗಳಲ್ಲಿ ನಿಂತ ನೀರು ಇತ್ತು. ಆಮೇಲೆ ಒಂದು ಬೆಳಿಗ್ಗೆ ರಾಜೀವನಗರದ ಬೀದಿಯಲ್ಲಿ ಸೊಪ್ಪಿನ ಕೂಗು ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ. ಎದುರುಮನೆಯ ವಾಣಿ ಗೇಟಿಗೆ ಬಂದು, "ಏನ್ರೀ ಗೌತಮಿ, ನಿಮ್ಮ ದೊಡ್ಡಮ್ಮಂಗೆ ಹುಷಾರಿಲ್ವಾ? ಫೋನಾದ್ರೂ ಮಾಡ್ರೀ" ಎಂದಳು. ಮಾಡ್ತೀನಿ ಎಂದು ಗೌತಮಿ ಒಳಗೆ ಹೋದಳು. ಫೋನು ಮಾಡಲಿಲ್ಲ. ಯಾಕೆ ಕೂಗು ಇಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ಅದನ್ನು ದೊಡ್ಡವ್ವನ ಬಾಯಲ್ಲಿ ಕೇಳುವುದಕ್ಕೆ ಹೆದರಿಕೆಯಾಗಿತ್ತು.

ವಾರ ಕಳೆದು ಭಾನುವಾರ ಹೋದಳು. ಕಾಲುವೆಯ ತಳ ಒಣಗಿ ಬಿರಿದಿತ್ತು. ಡಾಲ್ಡಾ ಡಬ್ಬ ಮುಳುಗಿಸಲು ನಿಲ್ಲುತ್ತಿದ್ದ ಕಲ್ಲು ಬುಡದವರೆಗೂ ಕಾಣುತ್ತಿತ್ತು. ಮಡಿಗಳಲ್ಲಿ ದಂಟು ಬಾಡಿ ನೆಲಕ್ಕೆ ಮಲಗಿತ್ತು. ಸಾಕಮ್ಮ ಬದುವಿನ ಮೇಲೆ ಕೂತು, ಉಳಿದ ಕೀರೆಯಲ್ಲಿ ಹಸಿರಿದ್ದ ಎಲೆಗಳನ್ನು ಆಯುತ್ತಿದ್ದಳು.

"ಬಾ ಮಗ" ಎಂದಳು. "ಬಸ್ಸಾರಿಗಾಗುವಷ್ಟು ಆಯ್ತದೆ, ತಡಿ, ಕಟ್ಕೊಡ್ತೀನಿ."

ಗೌತಮಿಗೆ ಅಲ್ಲೇ ಭೂಮಿಗಿಳಿದು ಹೋಗಬಾರದೇ ಅನ್ನಿಸಿತು. ಪಕ್ಕದಲ್ಲಿ ಕೂತಳು. "ದೊಡ್ಡವ್ವ, ಅವತ್ತು ಸಭೆಲಿ ನೀನ್ಯಾಕೆ ಬಾಯಿ ಬಿಡಲಿಲ್ಲ?" ಎಂದಳು. ಕೇಳಬೇಕಾದವಳು ದೊಡ್ಡವ್ವ, ಹೇಳಬೇಕಾದವಳು ತಾನು. ಆದರೂ ಬಾಯಿಂದ ಬಂದದ್ದು ಈ ಪ್ರಶ್ನೆಯೇ.

ಸಾಕಮ್ಮ ಎಲೆ ಆಯುವುದನ್ನು ಬಿಡಲಿಲ್ಲ. "ಎಂಗೆ ಬುಡ್ಲಿ? ಇಂದ್ಗಡೆ ಕುಮಾರಸ್ವಾಮಿ ನಿಂತಿದ್ನಲ್ಲ. ನಿಂಗೊತ್ತಿಲ್ವಾ, ನಮ್ ಕೈಯಿಂದ ಸೊಪ್ ತಕ್ಕೊಳಕ್ಕೇ ಜನ ಇಂದೆಮುಂದೆ ನೋಡ್ತಿದ್ ಕಾಲ ಇತ್ತು. ಬೋರ್ ನೀರು, ಬೋರ್ ನೀರು ಅಂತ ಕೂಗಿ ಕೂಗಿ ಬಾಗ್ಲು ತೆಗೆಸ್ದೋ. ಅದ್ನ ನಾನೇ ಎದ್ ನಿಂತು ಮುಚ್ಚುಸ್ಲಾ?"

"ಆದ್ರೆ ನೀರೇ ಹೋಗುತ್ತೆ ಅಂತ..."

"ಓಯ್ತದೆ ಅಂತ ಯಾಕ್ ಅನ್ಕೊಳ್ಲಿ?" ಸಾಕಮ್ಮ ಈಗ ತಲೆಯೆತ್ತಿದಳು. "ಕೇಳ್ತಿದ್ದೋಳು ನೀನಲ್ವಾ ಮಗ. ನಮ್ ಮಗೀಗೆ ಎಲ್ಲಾ ಗೊತ್ತದೆ, ನಾವ್ ಬಾಯಲ್ ಯೋಳ್ದಿದ್ರೂ ನಮ್ ಪಾಲು ಬುಟ್ಟು ಮಿಕ್ಕಿದ್ದ ತಕ್ಕೋತಾಳೆ ಅನ್ಕೊಂಡೆ. ಅದ್ಕೇಯ ಸುಮ್ಕೆ ನಿನ್ನೇ ನೋಡ್ತಾ ಕುಂತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗೌತಮಿ ಎದುರುಮಾತಾದರೂ ಆಡುತ್ತಿದ್ದಳು. ಇಡೀ ಸಭೆ ಮರ್ಯಾದೆಗಂಜಿ ಸುಮ್ಮನಿತ್ತು, ದೊಡ್ಡವ್ವ ಒಬ್ಬಳು ತನ್ನನ್ನು ನಂಬಿ ಸುಮ್ಮನಿದ್ದಳು. ಗೌತಮಿ ಆ ಬಾಡಿದ ಕೀರೆಯ ಕಟ್ಟು ಹಿಡಿದು ಅಳುತ್ತಲೇ ಬಸ್ ಹತ್ತಿದಳು.

ಮಾರನೆಯ ದಿನ ನೇರವಾಗಿ ವಿಶ್ವನಾಥ್ ಅವರ ಕೋಣೆಗೆ ಹೋಗಿ ವಿಷಯ ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮಗೆ ಇದು ಮೊದಲೇ ಗೊತ್ತಿತ್ತಾ ಗೌತಮಿ?" ಎಂದು ಕೇಳಿದರು.

"ಗೊತ್ತಿತ್ತು ಸಾರ್."

"ಮತ್ತೆ ಅವತ್ತು?"

"ಅವರೇ ಇಲ್ಲ ಅಂದ್ರಲ್ಲ ಅಂತ..."

ವಿಶ್ವನಾಥ್ ನಿಟ್ಟುಸಿರು ಬಿಟ್ಟರು. "ನೋಡಿ, ಒಂದು ಪಾಲು ನೀರನ್ನ ಕಾಲುವೆಗೇ ಬಿಡೋಣ, ನನ್ನದೇನೂ ಅಡ್ಡಿಯಿಲ್ಲ. ಆದ್ರೆ ಯಾರಿಗೆ ಅಂತ ಬಿಡಲಿ? ಜನರೆಲ್ಲ ಬೇಡ ಅಂದಿದ್ದಾರೆ. ಅಲ್ಲಿ ಬೆಳೆಯೋರು ಯಾರಾದ್ರೂ ಒಬ್ಬರು ನೀರಿನ ಇಲಾಖೆಯ ಅಧಿಕಾರಿಗಳ ಮುಂದೆ ಎದ್ದು ನಿಂತು, ಹೌದು ನಮಗೆ ಈ ನೀರೇ ಆಧಾರ ಅಂತ ಹೇಳಲಿ. ಒಬ್ಬರು ಸಾಕು. ನೀವು ಹೇಳಿದ್ರೆ ನಡೆಯೋದಿಲ್ಲ, ನೀವು ಕಂಪನಿಯವರು."

ಹಾಗೆ ಎರಡನೆಯ ಸಭೆ ಸೇರಿತು. ಅದೇ ಭವನ, ಅವೇ ಕುರ್ಚಿಗಳು, ಬಾಗಿಲಲ್ಲಿ ಅದೇ ಕುಮಾರಸ್ವಾಮಿ. ಗೌತಮಿ ಮೈಕು ಹಿಡಿದಳು. "ಹೋದ ಸಲ ನಾನು ತಪ್ಪು ಮಾಡಿದೆ. ಇಲ್ಲಿ ಯಾರಿಗೂ ಬೋರ್ ಇಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ..."

"ಯಾರವ್ವ ಯೋಳಿದ್ದು ನಿಂಗೆ?" ಸಣ್ಣಮಾದಯ್ಯ ಧಿಗ್ಗನೆ ಎದ್ದ. ಮುಖ ಕೆಂಪಾಗಿತ್ತು. "ನಮ್ದು ಬೋರೇ! ಮಳೆಯಿಲ್ಲ, ಬೋರ್ ಬತ್ತೋಗದೆ, ಅದ್ಕೆ ಸೊಪ್ಪಿಲ್ಲ. ನೀನ್ ಓದ್ಕೊಂಡು ಕೆಲ್ಸಕ್ ಸೇರ್ಕೊಂಡೆ, ನಮ್ ಬಾಯಿಗ್ಯಾಕೆ ಮಣ್ಣಾಕ್ತೀಯ?" ಸುತ್ತಲಿದ್ದವರೂ ದನಿಗೂಡಿಸಿದರು. ಅವರ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಮೊದಲು ಅವರ ನೀರು ಕೊಂಡೊಯ್ದವಳು ಈಗ ಅವರ ಮಾನವನ್ನೂ ಮೈಕಿನಲ್ಲಿ ಹರಾಜಿಗಿಡುತ್ತಿದ್ದಳು.

ಆ ಗದ್ದಲದಲ್ಲಿ ಸಾಕಮ್ಮ ಎದ್ದು ನಿಂತಳು. ಅವಳು ಎದ್ದದ್ದು ಕಂಡು ಗೌತಮಿಗೆ ಬೇಡ ಎಂದು ಕೂಗಬೇಕೆನ್ನಿಸಿತು, ಕೂಗಲಿಲ್ಲ. ಸಾಕಮ್ಮ ಇಲಾಖೆಯ ಅಧಿಕಾರಿಯ ಕಡೆ ತಿರುಗಿ ಕೈ ಮುಗಿದಳು.

"ಇವ್ರೆಲ್ಲಾರ್ದೂ ಬೋರೇ ಸೋಮಿ. ಅವ್ರ್ ಯೋಳಿದ್ದು ದಿಟ. ನಂದೊಬ್ಳುದು ಮೋರಿ ನೀರು. ನಾನ್ ಮೊದ್ಲಿಂದ್ಲೂ ಮೋರಿ ನೀರಲ್ಲೇ ಬೆಳ್ದು, ಬೋರ್ ನೀರು ಅಂತ ಸುಳ್ ಯೋಳಿ ಮಾರ್ದೋಳು. ನೀರ್ ಬುಟ್ರೆ ನಂಗ್ ಬುಡಿ."

ಸಣ್ಣಮಾದಯ್ಯ ನಿಧಾನಕ್ಕೆ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಕುಮಾರಸ್ವಾಮಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಟೆಂಪೋ ಸ್ಟಾರ್ಟ್ ಆದದ್ದು ಕೇಳಿಸಿತು.

ನೀರು ಬಂತು. ಅಧಿಕಾರಿಗಳು ಒಂದು ಪಾಲನ್ನು ಕಾಲುವೆಗೆ ಬಿಡಲು ಒಪ್ಪಿದರು. ಕಂಪನಿಗೆ ಕಮ್ಮಿಯಾದದ್ದನ್ನು ಗೌತಮಿಯೇ ಸರಿತೂಗಿಸಿದಳು. ಯಂತ್ರಗಳಿರುವ ಕೋಣೆಗಳನ್ನು ಅಷ್ಟೊಂದು ಥಂಡಿಯಾಗಿಡಬೇಕಿಲ್ಲ ಎಂದು ತೋರಿಸಿಕೊಟ್ಟಳು, ಹೊರಗೆ ತಂಪಿರುವ ಹೊತ್ತಿನಲ್ಲಿ ಹೊರಗಾಳಿಯನ್ನೇ ಒಳಗೆ ಎಳೆದು ಟವರುಗಳನ್ನು ನಿಲ್ಲಿಸಿದಳು. ಮೈಸೂರಿನ ಹವೆಗೆ ಅದು ಚೆನ್ನಾಗಿಯೇ ಒಗ್ಗಿತು. ವಿಶ್ವನಾಥ್ ಮತ್ತೆ ಕೈ ಕುಲುಕಿದರು. ಇದನ್ನೆಲ್ಲ ಮೊದಲೇ ಮಾಡಬಹುದಾಗಿತ್ತಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಗೌತಮಿಗೆ ಹೊಳೆದು, ಆ ದಿನ ಊಟ ಸೇರಲಿಲ್ಲ.

ಕಾಲುವೆಯಲ್ಲಿ ಹರಿದ ನೀರು ಸಾಕಮ್ಮನ ಮಡಿ ಯಾವುದು, ಸಣ್ಣಮಾದಯ್ಯನ ಮಡಿ ಯಾವುದು ಎಂದು ಕೇಳಲಿಲ್ಲ. ಎಲ್ಲರ ದಂಟೂ ಚಿಗುರಿತು. ಕುಮಾರಸ್ವಾಮಿಯ ಟೆಂಪೋ ಮತ್ತೆ ಬಂದು ಎಲ್ಲರ ಬೋರ್ ನೀರಿನ ಸೊಪ್ಪನ್ನೂ ತುಂಬಿಕೊಂಡು ಹೋಯಿತು, ಸಾಕಮ್ಮನದೊಂದನ್ನು ಬಿಟ್ಟು. ಸಭೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋ ರಾಜೀವನಗರದ ವಾಟ್ಸಾಪ್ ಗುಂಪಿಗೂ ಬಂತು. ಸಾಕಮ್ಮ ಕೈ ಮುಗಿದು ನಿಂತಿದ್ದಳು, ಮೇಲೆ ಎಚ್ಚರಿಕೆ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಕಳಿಸಿದವಳು ವಾಣಿ.

ಅದನ್ನು ನೋಡುತ್ತ ಪ್ರಸನ್ನ, "ಅಲ್ಲಾ ಕಣೇ, ಇಷ್ಟು ವರ್ಷ ನಾವು ತಿಂದಿದ್ದೂ ಇದೇನಾ?" ಎಂದ.

"ಹೂಂ" ಎಂದಳು ಗೌತಮಿ.

"ಒಂದು ಮಾತು ಹೇಳೋದಲ್ವಾ?" ಎಂದು ಫೋನು ಕೆಳಗಿಟ್ಟ. ಆಮೇಲೆ ಮನೆಗೆ ಸೂಪರ್‌ಮಾರ್ಕೆಟ್ಟಿನ ಸೊಪ್ಪು ಬರತೊಡಗಿತು.

ಸಾಕಮ್ಮ ಮಡಿಗಳನ್ನು ಕಿತ್ತು ದನಗಳ ಮೇವಿನ ಸೀಮೆಹುಲ್ಲು ಬೆಳೆದಳು. ಹುಲ್ಲನ್ನು ದನ ಸಾಕಿದವರು ಜಮೀನಿಗೇ ಬಂದು ಕೊಯ್ದುಕೊಂಡು ಹೋಗುತ್ತಿದ್ದರು, ಬೀದಿ ಸುತ್ತಿ ಕೂಗುವ ಕೆಲಸ ತಪ್ಪಿತು. ಜೀವನಕ್ಕೇನೂ ಮೋಸವಿಲ್ಲ ಎಂದು ಫೋನಿನಲ್ಲಿ ಹೇಳಿದಳು. ಆದರೆ ಬೀದಿ ಸುತ್ತುವುದೇ ಅವಳಿಗೆ ಬದುಕಾಗಿತ್ತು. ಯಾರ ಮನೆಯಲ್ಲಿ ಬಾಣಂತಿ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲವೂ ಬುಟ್ಟಿಯ ಜೊತೆ ಅವಳ ಮನೆಗೆ ಬರುತ್ತಿತ್ತು. ಈಗ ಬೆಳಗಾದರೆ ಹುಲ್ಲಿನ ಮುಂದೆ ಒಬ್ಬಳೇ ಕೂತಿರುತ್ತಿದ್ದಳು.

ಗೌತಮಿ ವಾರಕ್ಕೊಮ್ಮೆ ಹೋಗಬೇಕು ಅಂದುಕೊಳ್ಳುವಳು, ಹೋಗುತ್ತಿರಲಿಲ್ಲ. ಏನಾದರೂ ನೆಪ ಸಿಗುತ್ತಿತ್ತು. ದೊಡ್ಡವ್ವ ಒಂದು ಸಲವಾದರೂ ಬೈದಿದ್ದರೆ ಹೋಗಿ ಕಾಲು ಹಿಡಿಯುತ್ತಿದ್ದಳೇನೋ. ಬೈಯಲಿಲ್ಲವಲ್ಲ, ಅದನ್ನೇ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಮತ್ತೆ ಬೇಸಿಗೆ ಬಂತು. ನಲ್ಲಿ ಮತ್ತೆ ದಿನ ಬಿಟ್ಟು ದಿನವಾಯಿತು. ಒಂದು ಭಾನುವಾರ ಬೆಳಿಗ್ಗೆ ಗೇಟಿನ ಸದ್ದಾಯಿತು. ಗೌತಮಿ ನೋಡಿದರೆ ಸಾಕಮ್ಮ. ಬುಟ್ಟಿಯಿಲ್ಲ, ಕೂಗಿಲ್ಲ. ಎದುರುಮನೆಯ ವಾಣಿ ಬಾಗಿಲ ಸಂದಿಯಿಂದ ಒಮ್ಮೆ ನೋಡಿ ಒಳಗೆ ಸರಿದಳು. ಸಾಕಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ದಂಟಿನ ಸೊಪ್ಪಿನ ಕಟ್ಟನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದಳು. ಎಳೆಯದು, ಕಡು ಹಸಿರು.

"ದೊಡ್ಡವ್ವ, ಸೊಪ್ಪು ಬಿಟ್ಟೆ ಅಂದಿದ್ದೆ?"

"ಮಾರಕ್ಕಲ್ಲ ಕಣ್ ಮಗ, ನಿಂಗೆ. ಇತ್ಲಲ್ಲಿ ಎಲ್ಡು ಹಳೆ ಬಾನಿ ಇದ್ವಲ್ಲ, ಮಣ್ ತುಂಬಿ ಬೆಳ್ದೆ. ನಲ್ಲಿ ನೀರ್ ಉಯ್ದು ಬೆಳ್ದಿವ್ನಿ. ಕಾವೇರಿ ನೀರು. ಒಂದ್ ತೊಟ್ಟೂ ಮೋರಿದಿಲ್ಲ. ಪ್ರಸನ್ನಪ್ಪಂಗೂ ಯೋಳು, ಭಯ ಬೀಳ್ದೆ ಉಣ್ಲಿ."

"ನಿಮ್ಮ ಕಡೆ ನಲ್ಲಿ ದಿನಾ ಬರಲ್ವಲ್ಲ ದೊಡ್ಡವ್ವ. ಕುಡಿಯೋಕೆ ಏನು ಮಾಡ್ತೀಯ?"

"ಒಬ್ಳಿಗೆ ಎಷ್ಟ್ ಬೇಕವ್ವ? ಮೈ ತೊಳ್ಕೊಳೋದ್ರಲ್ಲಿ ಒಸಿ ಕಮ್ಮಿ ಮಾಡ್ಕಂಡೆ."

ಗೌತಮಿ ಅಭ್ಯಾಸದ ಮೇಲೆ ಪಾತ್ರೆಗೆ ನೀರು ತುಂಬಿಸಿ ಉಪ್ಪಿನ ಡಬ್ಬಕ್ಕೆ ಕೈ ಹಾಕಿದಳು. ಸಾಕಮ್ಮ ಅವಳ ಕೈ ಹಿಡಿದುಕೊಂಡಳು. "ಉಪ್ಪು ಅರ್ಸಿನ ಬ್ಯಾಡ ಬುಡು. ಇದ್ಕೆ ಬೇಕಾಗಿಲ್ಲ" ಎಂದಳು. ಆ ದನಿಯಲ್ಲಿ ಒಂದು ಹೆಮ್ಮೆಯಿತ್ತು.

ಬಸ್ಸಾರು, ಪಲ್ಯ, ಮುದ್ದೆ ಆಯಿತು. ಮೂವರೂ ಕೆಳಗೆ ಕೂತರು. ಪ್ರಸನ್ನ ಒಂದು ಗಳಿಗೆ ತಟ್ಟೆ ನೋಡಿ, ಆಮೇಲೆ ತಲೆ ಬಗ್ಗಿಸಿ ಉಣ್ಣತೊಡಗಿದ. ಸಾಕಮ್ಮ ತಾನು ಉಣ್ಣದೆ ಗೌತಮಿಯ ಬಾಯನ್ನೇ ನೋಡುತ್ತಿದ್ದಳು, ಸಭೆಯ ದಿನ ನೋಡುತ್ತ ಕೂತಿದ್ದ ಹಾಗೆಯೇ.

"ಎಂಗದೆ ಮಗ?"

ರುಚಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಹುಟ್ಟಿದಾಗಿನಿಂದ ತಿಂದ ಅದೇ ದಂಟು. ಹಾಗೇ ಇದೆ ದೊಡ್ಡವ್ವ, ಅವತ್ತಿನದೂ ಇಷ್ಟೇ ಚೆನ್ನಾಗಿತ್ತು, ಆ ನಲ್ಲಿ ನೀರನ್ನ ನೀನೇ ಕುಡಿ, ಮೈ ತುಂಬ ಸ್ನಾನ ಮಾಡು ಅನ್ನಬೇಕಿತ್ತು. ದೊಡ್ಡವ್ವನ ಮುಖದ ಆಸೆ ನೋಡಿ ಅವಳಿಗೆ ಬಾಯಿ ಬರಲಿಲ್ಲ.

"ತುಂಬಾ ಚೆನ್ನಾಗಿದೆ ದೊಡ್ಡವ್ವ. ಮೊದಲಿನದಕ್ಕಿಂತ ಚೆನ್ನಾಗಿದೆ."

ಸಾಕಮ್ಮನ ಮುಖ ಅರಳಿತು. "ಅಂಗಾರೆ ವಾರ ವಾರ ತತ್ತೀನಿ ಬುಡು" ಎಂದು ಮುದ್ದೆಗೆ ಕೈ ಹಾಕಿದಳು.